ಲೀಡ್ ಶುರುವಾದ ಕೂಡಲೇ ರಿದಮ್ ಕುಸಿಯುತ್ತದೆಯೇ? ದೋಷ ಎಲ್ಲಿದೆ ಎಂದು ಪತ್ತೆಹಚ್ಚುವ ಬಗೆ

ಒಂದೇ ಗಿಟಾರಿನಲ್ಲಿ ಕಾರ್ಡುಗಳನ್ನು (ಒಟ್ಟಿಗೆ ಮೊಳಗುವ ಸ್ವರಗಳ ಗುಂಪು) ನಡೆಸಿಕೊಂಡು ಹೋಗುತ್ತಲೇ ನಡುನಡುವೆ ಲೀಡ್ (ಒಂಟಿ ಸ್ವರಗಳ ಧಾಟಿ) ತುಣುಕು ಸೇರಿಸಲು ಹೊರಟವರ ದೂರು ಹೆಚ್ಚುಕಡಿಮೆ ಒಂದೇ ಆಗಿರುತ್ತದೆ. ಬರೀ ಸ್ಟ್ರಮ್ಮಿಂಗ್ ಮಾಡಿದರೆ, ಅಂದರೆ ತಂತಿಗಳನ್ನು ಒಟ್ಟಿಗೆ ಸವರಿದರೆ, ತಾಳ ಗಟ್ಟಿಯಾಗಿ ನಿಲ್ಲುತ್ತದೆ. ಬರೀ ಲೀಡ್ ನುಡಿಸಿದರೂ ಚೆನ್ನಾಗಿಯೇ ಬರುತ್ತದೆ. ಎರಡನ್ನೂ ಸೇರಿಸಿದ ಕೂಡಲೇ ಎಲ್ಲ ಚೆಲ್ಲಾಪಿಲ್ಲಿ. ಇಂಥವರಿಗೆ ಸಾಮಾನ್ಯವಾಗಿ ಸಿಗುವ ಸಲಹೆಯೆಂದರೆ ಇನ್ನೂ ನಾಲ್ಕು ಸ್ಕೇಲ್ ಕಲಿಯಿರಿ, ಬೆರಳಿನ ವೇಗ ಹೆಚ್ಚಿಸಿಕೊಳ್ಳಿ ಎಂಬುದು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದ ಹಾಗಾಯಿತು. ಕಾರ್ಡೂ ಗೊತ್ತಿದ್ದು ಲೀಡೂ ಗೊತ್ತಿದ್ದ ಮೇಲೆ ಕೆಟ್ಟಿರುವುದು ಒಂದರಿಂದ ಇನ್ನೊಂದಕ್ಕೆ ದಾಟುವ ಜಾಗ. ಆ ಜಾಗದಲ್ಲೂ ಹೆಚ್ಚಿನ ಸಲ ತಪ್ಪು ಮಾಡುತ್ತಿರುವುದು ಬಲಗೈ. ಎಲ್ಲರೂ ಎಡಗೈಯನ್ನೇ ನೋಡುತ್ತಾ ಕೂರುವುದರಿಂದ ಅದು ಕಣ್ಣಿಗೆ ಬೀಳುವುದಿಲ್ಲ.

ಈ ಬರಹದುದ್ದಕ್ಕೂ ಒಂದನೇ ತಂತಿ ಎಂದರೆ ಎಲ್ಲಕ್ಕಿಂತ ತೆಳುವಾದದ್ದು, ಆರನೆಯದು ಎಲ್ಲಕ್ಕಿಂತ ದಪ್ಪಗಿನದು. ಶ್ರುತಿ ಮಾಮೂಲಿಯದೇ: ದಪ್ಪ ತಂತಿಯಿಂದ ಇ, ಎ, ಡಿ, ಜಿ, ಬಿ, ಇ. ಫ್ರೆಟ್ ಎಂದರೆ ಕತ್ತಿನ ಮೇಲಿನ ಅಡ್ಡ ಲೋಹಪಟ್ಟಿ, ಎಣಿಕೆ ಗಿಟಾರಿನ ತಲೆಯ ಕಡೆಯಿಂದ. ಎಡಗೈಯಲ್ಲಿ ಮೀಟುವವರು ಬಲ-ಎಡಗಳನ್ನು ಅದಲುಬದಲು ಮಾಡಿಕೊಂಡು ಓದಬೇಕು.

ಮೊದಲು ರೆಕಾರ್ಡ್ ಮಾಡಿ

ನುಡಿಸುವಾಗ ನಮ್ಮ ಕಿವಿ ನಮಗೆ ಬೇಕಾದದ್ದನ್ನೇ ಕೇಳುತ್ತದೆ, ಅದನ್ನು ನಂಬಿ ದೋಷ ಹುಡುಕಲು ಆಗುವುದಿಲ್ಲ. ತಾಳ ಬಡಿಯುವ ಮೆಟ್ರೊನೋಮನ್ನು ನಿಮಿಷಕ್ಕೆ 80 ಬೀಟಿಗೆ ಇಟ್ಟು, ಫೋನಿನಲ್ಲಿ ವೀಡಿಯೊ ರೆಕಾರ್ಡಿಂಗ್ ಹಾಕಿ. ಎರಡೂ ಕೈ, ಅದರಲ್ಲೂ ಬಲಗೈ ಪೂರ್ತಿ ಕಾಣುವ ಹಾಗೆ ಫೋನ್ ಇಡಿ. ಎ ಮೈನರ್, ಎಫ್, ಸಿ, ಜಿ: ಒಂದೊಂದು ಕಾರ್ಡಿಗೆ ನಾಲ್ಕು ಬೀಟಿನ ಒಂದೊಂದು ಬಾರ್. ಪ್ರತಿ ಬಾರಿನ ಮೊದಲೆರಡು ಬೀಟು ಕಾರ್ಡ್, ಕೊನೆಯ ಎರಡು ಬೀಟು ನಿಮಗೆ ಬರುವ ಯಾವುದಾದರೂ ಲೀಡ್ ತುಣುಕು. ಎಡವಿದರೂ ನಿಲ್ಲಿಸದೆ ಒಂದೆರಡು ನಿಮಿಷ ನುಡಿಸಿ.

ಕೇಳುವಾಗ ಗಮನ ಕೊಡಬೇಕಾದದ್ದು ಮೂರು ಜಾಗಕ್ಕೆ. ಕಾರ್ಡ್ ಬಿಟ್ಟು ಲೀಡಿನ ಮೊದಲ ಸ್ವರ ಬರುವ ಗಳಿಗೆ, ಲೀಡ್ ನಡೆಯುತ್ತಿರುವಾಗಿನ ನಡಿಗೆ, ಮತ್ತೆ ಮುಂದಿನ ಕಾರ್ಡಿನ ಒಂದನೇ ಬೀಟು. 80ರ ವೇಗದಲ್ಲಿ ಒಂದು ಬೀಟಿಗೆ ಮುಕ್ಕಾಲು ಸೆಕೆಂಡು, ಅರ್ಧ ಬೀಟಿಗೆ 0.375 ಸೆಕೆಂಡು. ಸೆಕೆಂಡಿನ ಹತ್ತನೇ ಒಂದು ಭಾಗ ತಡವಾದರೂ ಕೇಳುವವರಿಗೆ ಅದು ಎಡವಿದಂತೆ ಕೇಳಿಸುತ್ತದೆ. ಹಾಗಾಗಿ ‘ಸ್ವಲ್ಪ ತಡವಾಯಿತು ಅಷ್ಟೇ’ ಎಂದು ಬಿಟ್ಟುಬಿಡಬೇಡಿ. ಮೂರರಲ್ಲಿ ಯಾವ ಜಾಗದಲ್ಲಿ ಎಡವುತ್ತೀರಿ ಎಂಬುದನ್ನು ಬರೆದಿಟ್ಟುಕೊಳ್ಳಿ. ಮುಂದೆ ಯಾವ ದಾರಿ ಹಿಡಿಯಬೇಕು ಎಂಬುದು ಅದರ ಮೇಲೆ ನಿಂತಿದೆ.

ತಪ್ಪು ಯಾವ ಕೈಯದು?

ಈಗ ಮೂರು ಪರೀಕ್ಷೆ. ಇವು ಮುಗಿಯುವವರೆಗೆ ಯಾವುದನ್ನೂ ಸರಿಪಡಿಸಲು ಹೋಗಬೇಡಿ.

ಮೊದಲನೆಯದು, ತಂತಿ ಮುಚ್ಚಿ ನುಡಿಸುವುದು. ಎಡಗೈಯ ನಾಲ್ಕೂ ಬೆರಳುಗಳನ್ನು ಒತ್ತದೆ, ಆರೂ ತಂತಿಗಳ ಮೇಲೆ ಸುಮ್ಮನೆ ಹಾಸಿ. ಸ್ವರ ಹೊರಡಬಾರದು, ‘ಚಿಕ್’ ಎಂಬ ಸದ್ದು ಮಾತ್ರ ಬರಬೇಕು. ಈಗ ರೆಕಾರ್ಡ್ ಮಾಡಿದ ಅದೇ ತುಣುಕನ್ನು ಬಲಗೈಯಲ್ಲಿ ಮಾತ್ರ ನುಡಿಸಿ. ಸ್ಟ್ರಮ್ ಇದ್ದಲ್ಲಿ ಸ್ಟ್ರಮ್, ಒಂಟಿ ಸ್ವರ ಇದ್ದಲ್ಲಿ ಅದೇ ತಂತಿಯನ್ನು ಮೀಟುವುದು. ಎಡಗೈಗೆ ಕೆಲಸವೇ ಇಲ್ಲದಿದ್ದರೂ ತಾಳ ಜಾರಿದರೆ ದೋಷ ಬಲಗೈಯಲ್ಲಿದೆ, ಅನುಮಾನ ಬೇಡ. ತಾಳ ಗಟ್ಟಿಯಾಗಿ ನಿಂತರೆ ಎಡಗೈ ಕಡೆಗೆ ನೋಡಬೇಕು.

ಎರಡನೆಯದು, ಆಗ ತೆಗೆದ ವೀಡಿಯೊವನ್ನು ಸದ್ದು ಪೂರ್ತಿ ಬಂದ್ ಮಾಡಿ ನೋಡುವುದು. ಬರೀ ಬಲಗೈ ನೋಡಿ. ಎಲ್ಲಿ ಕಾರ್ಡ್ ಮುಗಿಯಿತು, ಎಲ್ಲಿ ಲೀಡ್ ಶುರುವಾಯಿತು ಎಂದು ಸದ್ದಿಲ್ಲದೆಯೂ ಹೇಳಲು ಆಗುತ್ತಿದೆಯೇ? ಕೈ ಗಕ್ಕನೆ ನಿಂತು, ಒಂದು ಕ್ಷಣ ಗಿಟಾರಿನ ಮೈಗೆ ಅಂಟಿಕೊಂಡು, ಆಮೇಲೆ ಸಣ್ಣಗೆ ಕೆಲಸ ಶುರುಮಾಡುತ್ತಿದ್ದರೆ ಕಾರಣ ಸಿಕ್ಕಿತು ಎಂದೇ ತಿಳಿಯಿರಿ. ನನಗೆ ಈ ಪರೀಕ್ಷೆಯ ಮೇಲೆ ಹೆಚ್ಚು ನಂಬಿಕೆ. ಸದ್ದಿದ್ದಾಗ ನಮ್ಮ ಗಮನವೆಲ್ಲ ಸ್ವರಗಳ ಹಿಂದೆ ಹೋಗುತ್ತದೆ, ಸದ್ದು ತೆಗೆದಾಗ ಕೈ ಏನು ಮಾಡುತ್ತಿದೆ ಎಂಬುದಷ್ಟೇ ಉಳಿಯುತ್ತದೆ.

ಮೂರನೆಯದು, ಕಾರ್ಡನ್ನು ಸ್ಟ್ರಮ್ ಮಾಡುತ್ತಲೇ ಲೀಡ್ ತುಣುಕನ್ನು ಬಾಯಲ್ಲಿ ‘ತನನ’ ಎಂದು ಹಾಡುವುದು. ಕಂಠ ಹೇಗಿದ್ದರೂ ಪರವಾಗಿಲ್ಲ, ಸ್ವರ ಅತ್ತಿತ್ತ ಆದರೂ ಸರಿ, ಲೆಕ್ಕ ಸರಿಯಾಗಿರಬೇಕು. ಹಾಡಲು ಬರುತ್ತಿಲ್ಲ ಎಂದರೆ ಆ ತುಣುಕು ಬೆರಳಿಗೆ ಗೊತ್ತಿದೆ, ಯಾವ ಬೀಟಿನಲ್ಲಿ ಹುಟ್ಟಿ ಯಾವ ಬೀಟಿನಲ್ಲಿ ಮುಗಿಯುತ್ತದೆ ಎಂಬುದು ತಲೆಗೆ ಗೊತ್ತಿಲ್ಲ. ಬ್ಯಾಕಿಂಗ್ ಟ್ರ್ಯಾಕ್ (ಮೊದಲೇ ಮುದ್ರಿಸಿದ ಹಿಮ್ಮೇಳ) ಹಾಕಿಕೊಂಡು ಲೀಡ್ ಕಲಿತವರಲ್ಲಿ ಇದು ತುಂಬ ಸಾಮಾನ್ಯ. ಅಲ್ಲಿ ತಾಳ ಹಿಡಿಯುವ ಹೊಣೆ ಟ್ರ್ಯಾಕಿನದು, ತುಣುಕನ್ನು ಎಲ್ಲಿ ಬೇಕಾದರೂ ಶುರುಮಾಡಬಹುದು. ಇಲ್ಲಿ ಆ ಹೊಣೆ ನಿಮ್ಮ ಕೈಯದೇ. ಇದಕ್ಕೆ ಮದ್ದು ಸರಳ. ತುಣುಕಿನ ಮೊದಲ ಸ್ವರಕ್ಕೆ ಒಂದು ಖಾಯಂ ಜಾಗ ಕೊಡಿ, ಉದಾಹರಣೆಗೆ ಮೂರನೇ ಬೀಟು. ಅದು ಬಾಯಿಗೆ ಬರುವವರೆಗೆ ಗಿಟಾರಿಗೆ ತರಬೇಡಿ.

ಬಲಗೈ ನಿಲ್ಲುವ ದೋಷ

ಸ್ಟ್ರಮ್ ಮಾಡುವಾಗ ಕೈ ಮೊಣಕೈಯಿಂದ ತೂಗುತ್ತದೆ, ಅಂಗೈ ಗಾಳಿಯಲ್ಲಿರುತ್ತದೆ. ಲೀಡಿಗೆ ಬಂದಾಗ ಬಹಳಷ್ಟು ಜನ ಅಂಗೈಯನ್ನು ಬ್ರಿಜ್ (ಗಿಟಾರಿನ ಮೈಮೇಲೆ ತಂತಿಗಳನ್ನು ಹೊತ್ತ ಭಾಗ) ಮೇಲೆ ಊರುತ್ತಾರೆ, ಇಲ್ಲವೇ ಕಿರುಬೆರಳನ್ನು ಗಿಟಾರಿನ ಮೈಗೆ ನಾಟುತ್ತಾರೆ, ಆಮೇಲೆ ಮಣಿಕಟ್ಟಿನಿಂದ ಮೀಟುತ್ತಾರೆ. ಎರಡೂ ಭಂಗಿ ತಮ್ಮಷ್ಟಕ್ಕೆ ಸರಿಯೇ. ಒಂದರಿಂದ ಇನ್ನೊಂದಕ್ಕೆ ಬದಲಾಗಲು ಕೈ ನಿಲ್ಲಲೇಬೇಕು, ನಿಂತಾಗ ಒಳಗಿನ ಲೆಕ್ಕವೂ ನಿಲ್ಲುತ್ತದೆ. ಕಾರ್ಡಿನ ಹೊತ್ತಿನಲ್ಲಿ ತಾಳ ಹಿಡಿದಿದ್ದದ್ದು ಮೆದುಳಿಗಿಂತ ಹೆಚ್ಚಾಗಿ ಆ ತೂಗುವ ಕೈಯೇ. ಅದನ್ನು ನಿಲ್ಲಿಸಿದ ಮೇಲೆ ತಾಳ ಹೇಗೆ ಉಳಿಯಬೇಕು?

ಆದ್ದರಿಂದ ಮೊದಲ ರಿಪೇರಿ: ಲೀಡ್ ಬಂದರೂ ಕೈ ತೂಗುವುದನ್ನು ಬಿಡಬಾರದು. ತೂಗಾಟ ಚಿಕ್ಕದಾಗಲಿ, ನಿಲ್ಲದಿರಲಿ. ಒಂದು, ಎರಡು, ಮೂರು, ನಾಲ್ಕು ಎಂಬ ಬೀಟುಗಳ ಮೇಲೆ ಕೈ ಕೆಳಕ್ಕೆ; ಅವುಗಳ ನಡುವಿನ ಅರ್ಧ ಬೀಟುಗಳಲ್ಲಿ ಕೈ ಮೇಲಕ್ಕೆ. ಬಾರಿಗೆ ಎಂಟು ಚಲನೆ. ಸ್ವರ ಇರಲಿ ಬಿಡಲಿ, ಈ ಎಂಟು ನಡೆಯುತ್ತಲೇ ಇರಬೇಕು. ಸ್ವರ ಬೀಟಿನ ಮೇಲೆ ಬಿದ್ದರೆ ಡೌನ್ ಸ್ಟ್ರೋಕಿನಲ್ಲೇ ಮೀಟಬೇಕು, ಅರ್ಧದಲ್ಲಿ ಬಿದ್ದರೆ ಅಪ್ ಸ್ಟ್ರೋಕಿನಲ್ಲೇ. ಸ್ವರವಿಲ್ಲದ ಕಡೆ ಪಿಕ್ ತಂತಿಗೆ ತಾಗದೆ ಹಾದುಹೋಗುತ್ತದೆ. ಈ ಖಾಲಿ ಹೊಡೆತಗಳನ್ನು ‘ವ್ಯರ್ಥ’ ಎಂದು ಕತ್ತರಿಸಿದ್ದೇ ಈ ದೋಷದ ಮೂಲ.

ಹಂತ ಹಂತವಾಗಿ ಮಾಡಿ. ತಂತಿ ಮುಚ್ಚಿದ ಸ್ಥಿತಿಯಲ್ಲೇ ಎರಡು ಬೀಟು ಅಗಲವಾಗಿ ಸ್ಟ್ರಮ್ ಮಾಡಿ, ಉಳಿದೆರಡು ಬೀಟು ಬರೀ ಎರಡನೇ ತಂತಿಯನ್ನು ಅದೇ ತೂಗಾಟದಲ್ಲಿ ಮೀಟಿ. ಅದು ಸಲೀಸಾದ ಮೇಲೆ ಎ ಮೈನರ್ ಕಾರ್ಡ್ ಹಿಡಿದು, ಮೂರನೇ ಬೀಟಿನಲ್ಲಿ ಎರಡನೇ ತಂತಿಯ 5ನೇ ಫ್ರೆಟ್ಟಿನ ಇ ಸ್ವರ ಒಂದನ್ನೇ ಮೀಟಿ, ಮಿಕ್ಕ ಮೂರು ಚಲನೆ ಖಾಲಿ ಬಿಡಿ. ಒಂದೇ ಸ್ವರ! ಬೇಸರವೆನಿಸಿದರೂ ಇದನ್ನು ಹಾರಿಸಬೇಡಿ. ಇದು ಸರಿಯಾಗಿ ಕೂತರೆ ಮುಂದಿನದೆಲ್ಲ ಇದಕ್ಕೆ ಸ್ವರ ಸೇರಿಸುತ್ತಾ ಹೋಗುವ ಕೆಲಸ ಮಾತ್ರ.

ಹ್ಯಾಮರ್-ಆನ್ (ಮೀಟದೆ ಎಡಗೈ ಬೆರಳು ಬಡಿದು ಸ್ವರ ಹೊರಡಿಸುವುದು), ಪುಲ್-ಆಫ್ (ಬೆರಳು ಕಿತ್ತು ಹೊರಡಿಸುವುದು) ಬಂದಾಗ ಇನ್ನೊಂದು ಮರೆಯಾದ ದೋಷ ತಲೆಯೆತ್ತುತ್ತದೆ. ಎರಡನೇ ತಂತಿಯ 8ನೇ ಫ್ರೆಟ್ಟಿನಿಂದ 5ಕ್ಕೆ ಪುಲ್-ಆಫ್ ಮಾಡುತ್ತೀರಿ ಎನ್ನಿ. ಎರಡನೇ ಸ್ವರವನ್ನು ಪಿಕ್ ಮೀಟುವುದಿಲ್ಲ, ಆದ್ದರಿಂದ ಎಡಗೈ ಅದನ್ನು ತನಗೆ ತೋಚಿದಾಗ ಬಿಡುತ್ತದೆ, ಮತ್ತು ಅದು ಯಾವಾಗಲೂ ಅವಸರದಲ್ಲೇ ಇರುತ್ತದೆ. ರೆಕಾರ್ಡಿಂಗಿನಲ್ಲಿ ಲೀಡ್ ಮುಂದಕ್ಕೆ ನುಗ್ಗುವುದು ಕೇಳಿಸಿದರೆ ಇದನ್ನೇ ಮೊದಲು ಅನುಮಾನಿಸಿ. ಬಲಗೈ ಖಾಲಿ ಅಪ್ ಸ್ಟ್ರೋಕಿನಲ್ಲಿ ಆ ತಂತಿಯನ್ನು ದಾಟುವ ಗಳಿಗೆಯಲ್ಲೇ ಎಡಗೈ ಬೆರಳು ಕೀಳಬೇಕು. ಎರಡೂ ಕೈ ಒಟ್ಟಿಗೆ ಚಲಿಸಿದರೆ ಪಿಕ್ ತಾಗದಿದ್ದರೂ ಸ್ವರ ತನ್ನ ಜಾಗದಲ್ಲಿ ಬೀಳುತ್ತದೆ.

ಎಲೆಕ್ಟ್ರಿಕ್ ಗಿಟಾರಿನವರಿಗೆ ಇನ್ನೂ ಗಟ್ಟಿಯಾದ ದಾರಿಯೊಂದಿದೆ: ಒಂಟಿ ಸ್ವರವನ್ನೂ ಪೂರ್ತಿ ಸ್ಟ್ರಮ್ಮಿನಿಂದಲೇ ಹೊರಡಿಸುವುದು. ಮೂರನೇ ತಂತಿಯ 7ನೇ ಫ್ರೆಟ್ಟಿನ ಡಿ ಸ್ವರವನ್ನು ಉಂಗುರ ಬೆರಳಲ್ಲಿ ಒತ್ತಿ. ಆ ಬೆರಳಿನ ತುದಿ ಪಕ್ಕದ ನಾಲ್ಕನೇ ತಂತಿಗೆ ಚೂರೇ ತಾಗಿರಲಿ. ತೋರುಬೆರಳು ಚಪ್ಪಟೆಯಾಗಿ ಒಂದು ಮತ್ತು ಎರಡನೇ ತಂತಿಗಳ ಮೇಲೆ ಒರಗಿರಲಿ. ನಡುಬೆರಳು ಐದನೆಯದನ್ನು ಮುಟ್ಟಲಿ, ಕತ್ತಿನ ಮೇಲಿಂದ ಇಣುಕುವ ಹೆಬ್ಬೆರಳು ಆರನೆಯದನ್ನು. ಈಗ ಆರೂ ತಂತಿಗೆ ಒಂದು ಸ್ಟ್ರಮ್ ಕೊಡಿ. ಡಿ ಒಂದೇ ಮೊಳಗಬೇಕು, ಉಳಿದ ಐದೂ ‘ಚಿಕ್’ ಎನ್ನಬೇಕು. ಬೇರೆ ತಂತಿ ಮೊಳಗಿದರೆ ಯಾವ ಬೆರಳು ತನ್ನ ಕೆಲಸ ಬಿಟ್ಟಿದೆ ಎಂದು ಒಂದೊಂದೇ ತಂತಿ ಮೀಟಿ ಹುಡುಕಿ. ಇದು ಕೂತರೆ ಕಾರ್ಡಿಗೂ ಲೀಡಿಗೂ ಬಲಗೈ ಮಾಡುವ ಕೆಲಸ ಒಂದೇ ಆಗಿಬಿಡುತ್ತದೆ, ದಾಟುವ ಜಾಗವೇ ಉಳಿಯುವುದಿಲ್ಲ. ಸ್ವರವೂ ದಪ್ಪಗೆ, ಜೊತೆಗೆ ಒಂದು ತಾಳವಾದ್ಯ ಇದ್ದ ಹಾಗೆ ಕೇಳಿಸುತ್ತದೆ. ಬ್ರಿಟನ್ನಿನ ಮಿಕ್ ಗ್ರೀನ್, ಅವರಿಂದ ಪ್ರೇರಣೆ ಪಡೆದ ವಿಲ್ಕೊ ಜಾನ್ಸನ್ ಇಬ್ಬರೂ ಲೀಡ್-ರಿದಮ್ ಎರಡನ್ನೂ ಒಬ್ಬರೇ ನಿಭಾಯಿಸಿ ಹೆಸರಾದವರು. ವಿಲ್ಕೊ ಪಿಕ್ಕೂ ಹಿಡಿಯದೆ ಬರಿಗೈಯಲ್ಲಿ ನುಡಿಸುತ್ತಿದ್ದರು. ಇವರ ವೀಡಿಯೊ ನೋಡಲು ಸಿಕ್ಕರೆ ಎಡಗೈ ಬಿಟ್ಟು ಬಲಗೈ ನೋಡಿ.

ಅಕೂಸ್ಟಿಕ್ ಗಿಟಾರಿನಲ್ಲಿ ಒಬ್ಬರೇ ಕೂತು ನುಡಿಸುವವರಿಗೆ ಹೊಂದುವುದು ಇದಕ್ಕಿಂತ ಹಳೆಯ ಉಪಾಯ. ಅಮೆರಿಕದ ಕಾರ್ಟರ್ ಫ್ಯಾಮಿಲಿ 1927ರಲ್ಲಿ ಟೆನೆಸ್ಸಿ ರಾಜ್ಯದ ಬ್ರಿಸ್ಟಲ್‌ನಲ್ಲಿ ಮೊದಲ ಧ್ವನಿಮುದ್ರಣ ಮಾಡಿತು. ಆ ತಂಡದ ಮೇಬೆಲ್ ಕಾರ್ಟರ್ ಹಾಡಿನ ಧಾಟಿಯನ್ನು ಹೆಬ್ಬೆರಳಿನಿಂದ ದಪ್ಪ ತಂತಿಗಳಲ್ಲಿ ನುಡಿಸುತ್ತಾ, ಬೆರಳಿನಿಂದ ತೆಳು ತಂತಿಗಳನ್ನು ಸವರಿ ರಿದಮ್ ನಡೆಸುತ್ತಿದ್ದರು. ಲೀಡ್ ಎಂದರೆ ತೆಳು ತಂತಿ, ಎತ್ತರದ ಫ್ರೆಟ್ಟು ಎಂಬ ಗಟ್ಟಿ ನಂಬಿಕೆಯೇ ಕೆಲವರಿಗೆ ಅಡ್ಡಗಾಲಾಗಿರುತ್ತದೆ. ಅವರು ಇದನ್ನು ಪ್ರಯತ್ನಿಸಬೇಕು. ಮಾಮೂಲಿ ಸಿ ಕಾರ್ಡ್ ಹಿಡಿಯಿರಿ. ಐದನೇ ತಂತಿಯ 3ನೇ ಫ್ರೆಟ್ಟು ಸಿ. ನಾಲ್ಕನೇ ತಂತಿಯಿಂದ ನಡುಬೆರಳು ಎತ್ತಿದರೆ ಡಿ, ಮತ್ತೆ ಇಟ್ಟರೆ ಇ. ಸಿ ಮೀಟಿ ಸ್ಟ್ರಮ್, ಡಿ ಮೀಟಿ ಸ್ಟ್ರಮ್, ಇ ಮೀಟಿ ಸ್ಟ್ರಮ್. ಕಾರ್ಡ್ ಬಿಡದೆಯೇ ಧಾಟಿ ಹುಟ್ಟಿತು, ಎತ್ತಿ ಇಟ್ಟದ್ದು ಒಂದೇ ಬೆರಳು.

ಎಡಗೈ ದೂರ ಹಾರುವ ದೋಷ

ತಂತಿ ಮುಚ್ಚಿದ ಪರೀಕ್ಷೆಯಲ್ಲಿ ತಾಳ ನಿಂತಿತು, ತಂತಿ ಬಿಟ್ಟಾಗ ಕುಸಿಯಿತು. ಹಾಗಿದ್ದರೆ ವೀಡಿಯೊದಲ್ಲಿ ಈ ಸಲ ಎಡಗೈ ನೋಡಿ. ಕಾರ್ಡನ್ನು ನಟ್ಟಿನ (ಕತ್ತಿನ ತುದಿಯಲ್ಲಿ ತಂತಿ ಕೂರುವ ಪಟ್ಟಿ) ಪಕ್ಕ 1, 2ನೇ ಫ್ರೆಟ್ಟಿನಲ್ಲಿ ಹಿಡಿದು, ಲೀಡಿಗೆ 5ನೇ ಫ್ರೆಟ್ಟಿನ ಪೆಂಟಾಟೋನಿಕ್ (ಐದು ಸ್ವರದ ಸ್ಕೇಲ್) ಡಬ್ಬಕ್ಕೆ ಹಾರಿ, ಮತ್ತೆ ಕೆಳಗೆ ಓಡಿಬರುತ್ತಿದ್ದೀರಾ? ಅರ್ಧ ಬೀಟಿನಲ್ಲಿ ನಾಲ್ಕು ಫ್ರೆಟ್ ದಾಟಿ ಸರಿಯಾಗಿ ಇಳಿಯುವುದು ನುರಿತವರಿಗೂ ಕಷ್ಟ. ಅಭ್ಯಾಸದ ಕೊರತೆ ಎಂದು ಕೊರಗಬೇಡಿ, ಕೆಟ್ಟಿರುವುದು ಜೋಡಣೆ. ಲೀಡ್ ಎಲ್ಲಿದೆಯೋ ಕಾರ್ಡನ್ನೂ ಅಲ್ಲಿಗೇ ತನ್ನಿ.

ಹಾಗೆಂದು ತೋರುಬೆರಳನ್ನು ಆರೂ ತಂತಿಗೆ ಅಡ್ಡ ಹಾಸಿ ಒತ್ತುವ ‘ಬ್ಯಾರೆ’ ಕಾರ್ಡ್ ಹಿಡಿಯಲು ಹೋದರೆ ಕೈ ಪೂರ್ತಿ ಕಾರ್ಡಿಗೇ ಕಟ್ಟಿಬೀಳುತ್ತದೆ, ಲೀಡಿಗೆ ಬಿಡುವಾದ ಬೆರಳು ಸಿಗುವುದಿಲ್ಲ. ಕಾರ್ಡಿಗೆ ಮೂರು ಸ್ವರ ಸಾಕು. ತೆಳುವಾದ ಮೂರು ತಂತಿಗಳಲ್ಲಿ ಮಾತ್ರ ಹೀಗೆ ಹಿಡಿಯಿರಿ (ಫ್ರೆಟ್ ಸಂಖ್ಯೆಗಳು ಮೂರು, ಎರಡು, ಒಂದನೇ ತಂತಿಯ ಕ್ರಮದಲ್ಲಿ):

ಎ ಮೈನರ್: 5, 5, 5
ಎಫ್: 5, 6, 5
ಸಿ: 5, 5, 3
ಜಿ: 4, 3, 3

ನಿಧಾನವಾಗಿ ಒಂದರ ಹಿಂದೆ ಒಂದು ಹಿಡಿದು ನೋಡಿ. ಎ ಮೈನರಿನಿಂದ ಎಫ್‌ಗೆ ಹೋಗುವಾಗ ಬದಲಾಗುವುದು ಎರಡನೇ ತಂತಿಯ ಒಂದೇ ಸ್ವರ, ಅದೂ ಒಂದೇ ಫ್ರೆಟ್ಟು. ಎಫ್‌ನಿಂದ ಸಿಗೆ ಹೋಗುವಾಗ ಮೂರನೇ ತಂತಿ ಅಲ್ಲಾಡುವುದೇ ಇಲ್ಲ. ಸಿಯಿಂದ ಜಿಗೆ ಹೋಗುವಾಗ ಒಂದನೇ ತಂತಿ ಅಲ್ಲಾಡುವುದಿಲ್ಲ. ನಾಲ್ಕೂ ಕಾರ್ಡು 3ರಿಂದ 6ನೇ ಫ್ರೆಟ್ಟಿನೊಳಗೇ ಮುಗಿದವು. ಎ ಮೈನರಿನಲ್ಲಿ ತೋರುಬೆರಳು ಒಂದೇ ಮೂರೂ ತಂತಿ ಹಿಡಿದುಕೊಳ್ಳುತ್ತದೆ, ಉಳಿದ ಮೂರು ಬೆರಳು ಬಿಡುವಾಗಿವೆ. ಕಿರುಬೆರಳಿಗೆ ಎರಡನೇ ತಂತಿಯ 8ರಲ್ಲಿ ಜಿ ಇದೆ, ಒಂದನೇ ತಂತಿಯ 8ರಲ್ಲಿ ಸಿ ಇದೆ. ಉಂಗುರ ಬೆರಳಿಗೆ ಮೂರನೇ ತಂತಿಯ 7ರಲ್ಲಿ ಡಿ. ಇವೆಲ್ಲ ಎ ಮೈನರ್ ಪೆಂಟಾಟೋನಿಕ್ಕಿನ ಸ್ವರಗಳೇ. ಲೀಡ್ ಎಂಬುದು ಬೇರೆಲ್ಲೋ ಇರುವ ಊರಲ್ಲ, ಹಿಡಿದ ಕಾರ್ಡಿನ ಸುತ್ತಲೇ ಇದೆ.

ಇಲ್ಲಿ ಹುಟ್ಟುವ ಹೊಸ ದೋಷವನ್ನೂ ನೋಡಿಬಿಡೋಣ. ಕಿರುಬೆರಳು 8ಕ್ಕೆ ಚಾಚಿದಾಗ ತೋರುಬೆರಳು ಅರಿವಿಲ್ಲದೆ ಮೇಲೆದ್ದು ಕಾರ್ಡ್ ಸತ್ತುಹೋಗುತ್ತದೆ. ಪರೀಕ್ಷೆ ಸುಲಭ. ಕಿರುಬೆರಳನ್ನು ಎರಡನೇ ತಂತಿಯ 8ರಲ್ಲಿ ಒತ್ತಿಕೊಂಡೇ ಮೂರನೇ ಮತ್ತು ಒಂದನೇ ತಂತಿ ಮೀಟಿ. ಎರಡೂ ಮೊಳಗಬೇಕು. ‘ಠಕ್’ ಎಂದರೆ ತೋರುಬೆರಳು ಎದ್ದಿದೆ. ಹೆಬ್ಬೆರಳನ್ನು ಕತ್ತಿನ ಹಿಂಬದಿಯಲ್ಲಿ ನಡುಮಧ್ಯಕ್ಕೆ ಇಳಿಸಿ, ಮಣಿಕಟ್ಟನ್ನು ತುಸು ಮುಂದಕ್ಕೆ ತಂದರೆ ಬಹುಮಟ್ಟಿಗೆ ಸರಿಹೋಗುತ್ತದೆ. ಇನ್ನೂ ಜೋರಾಗಿ ಒತ್ತುವುದು ಪರಿಹಾರವಲ್ಲ. ಜೋರಾಗಿ ಒತ್ತಿದರೆ ಸ್ವರ ಏರುತ್ತದೆ, ಬೆರಳೂ ಬೇಗ ಸೋಲುತ್ತದೆ.

ಲೀಡ್ ಕಾರ್ಡಿಗೆ ಅಂಟುತ್ತಿಲ್ಲ

ತಾಳ ಸರಿಯಿದೆ, ಆದರೂ ಲೀಡ್ ಬೇರೆ ಯಾರೋ ನುಡಿಸಿದಂತೆ ಕೇಳುತ್ತದೆ ಎನ್ನುವವರು ರೆಕಾರ್ಡಿಂಗನ್ನು ಪ್ರತಿ ಹೊಸ ಕಾರ್ಡ್ ಬರುವ ಕ್ಷಣದಲ್ಲಿ ನಿಲ್ಲಿಸಿ, ಆಗ ಲೀಡ್ ಯಾವ ಸ್ವರದಲ್ಲಿತ್ತು ಎಂದು ನೋಡಬೇಕು. ಎ ಮೈನರ್ ಪೆಂಟಾಟೋನಿಕ್ಕಿನಲ್ಲಿರುವುದು ಎ, ಸಿ, ಡಿ, ಇ, ಜಿ. ಎಫ್ ಕಾರ್ಡಿನ ಮೂಲಸ್ವರ ಎಫ್ ಇದರಲ್ಲಿ ಇಲ್ಲವೇ ಇಲ್ಲ. ಜಿ ಕಾರ್ಡಿಗೆ ಬಣ್ಣ ಕೊಡುವ ಬಿ ಕೂಡ ಇಲ್ಲ. ಜಿ ಕಾರ್ಡ್ ಬಂದ ಹೊತ್ತಿಗೆ ನೀವು ಸಿ ಸ್ವರದ ಮೇಲೆ ಕೂತಿದ್ದರೆ ಅದು ಕಾರ್ಡಿನೊಳಗಿನ ಬಿ ಸ್ವರದ ಜೊತೆ ತಿಕ್ಕಾಡುತ್ತದೆ. ಡಬ್ಬದ ಸ್ವರಗಳನ್ನೇ ನುಡಿಸಿದ್ದೇನೆ, ಆದರೂ ಯಾಕೆ ಕೆಟ್ಟಿತು ಎಂಬ ಗೊಂದಲ ಹುಟ್ಟುವುದು ಇಲ್ಲೇ. ಮೂರನೇ ತಂತಿಯಲ್ಲಿ ಒಂದು ಫ್ರೆಟ್ ಇಳಿದು 4ರಲ್ಲಿರುವ ಬಿಗೆ ಬನ್ನಿ. ಕಿವಿಗೆ ಹಾಯೆನಿಸುತ್ತದೆ. ಉಳಿದ ಕಡೆ ಏನೇ ನುಡಿಸಿ, ಕಾರ್ಡ್ ಬದಲಾಗುವ ಕ್ಷಣದಲ್ಲಿ ಮಾತ್ರ ಆ ಕಾರ್ಡಿನದೇ ಒಂದು ಸ್ವರದ ಮೇಲೆ ಇಳಿಯಿರಿ.

ಕಾರ್ಡಿಗೆ ಮರಳುವಾಗ ತಡ

ಮುಂದಿನ ಬಾರಿನ ಒಂದನೇ ಬೀಟು ಪ್ರತಿಸಲ ತಪ್ಪುತ್ತಿದ್ದರೆ ಲೀಡ್ ತುಣುಕು ಅಗತ್ಯಕ್ಕಿಂತ ಉದ್ದವಾಗಿದೆ. ಕೊನೆಯ ಸ್ವರ ತೆಗೆಯಿರಿ. ಸಾಲದಿದ್ದರೆ ಅದರ ಹಿಂದಿನದನ್ನೂ. ನಾಲ್ಕನೇ ಬೀಟಿಗೆ ತುಣುಕು ಮುಗಿದು, ಅದರ ನಂತರದ ಅರ್ಧ ಬೀಟು ಕೈ ಬದಲಿಸಲು ಉಳಿಯಬೇಕು. ಎರಡು ಸ್ವರ ಕಡಿಮೆ ನುಡಿಸಿದ್ದನ್ನು ಯಾರೂ ಗಮನಿಸುವುದಿಲ್ಲ, ಒಂದನೇ ಬೀಟು ತಪ್ಪಿದ್ದನ್ನು ಸಂಗೀತ ಗೊತ್ತಿಲ್ಲದವರೂ ಗಮನಿಸುತ್ತಾರೆ.

ತುಣುಕನ್ನು ಮುಂದಿನ ಕಾರ್ಡಿನ ಸ್ವರದಲ್ಲೇ ಮುಗಿಸುವುದು ಇನ್ನೊಂದು ದಾರಿ. ಮೇಲಿನ ಸರಣಿಯಲ್ಲಿ ಮೂರನೇ ತಂತಿಯ 5ನೇ ಫ್ರೆಟ್ಟಿನ ಸಿ ಸ್ವರ ಎ ಮೈನರ್, ಎಫ್, ಸಿ ಮೂರರಲ್ಲೂ ಇದೆ. ಅಲ್ಲಿ ಮುಗಿಸಿದರೆ ಮುಂದಿನ ಕಾರ್ಡಿನ ಒಂದು ಬೆರಳು ಆಗಲೇ ಜಾಗದಲ್ಲಿದೆ. ಇಷ್ಟಾದರೂ ಕೈ ತಲುಪದಿದ್ದರೆ ಒಂದನೇ ಬೀಟಿಗೆ ಪೂರ್ತಿ ಕಾರ್ಡ್ ಬೇಡ. ಸಿಕ್ಕಿದ ಒಂದೋ ಎರಡೋ ಸ್ವರ ಮೀಟಿ, ಎರಡನೇ ಬೀಟಿಗೆ ಪೂರ್ತಿ ಹಿಡಿದರಾಯಿತು.

ಲೀಡ್ ಬಂದಾಗ ಸದ್ದು ತೆಳುವಾಗುವುದು

ಮೂರು ತಂತಿಯ ಕಾರ್ಡಿನಿಂದ ಒಂದು ಸ್ವರಕ್ಕೆ ಇಳಿದಾಗ ಸದ್ದು ಬರಿದಾದಂತೆ ಅನಿಸುವುದು ಸಹಜ. ಬೇಸ್ ಮತ್ತು ಡ್ರಮ್ಸ್ ಮಾತ್ರ ಇರುವ ಮೂವರ ತಂಡದಲ್ಲಂತೂ ನೆಲವೇ ಜಾರಿದ ಹಾಗಾಗುತ್ತದೆ. ಆಗ ಜೋಡಿ ಸ್ವರಗಳನ್ನು ನುಡಿಸಿ. ಮೂರನೇ ಮತ್ತು ಒಂದನೇ ತಂತಿ ಮಾತ್ರ, ನಡುವಿನ ಎರಡನೇ ತಂತಿಗೆ ಬೆರಳು ಒರಗಿಸಿ ಮುಚ್ಚಿರಿ: 5-5, 4-3, 2-1; ಮೇಲಕ್ಕೆ ಹೋದರೆ 7-7, 9-8. ಎಲ್ಲ ಜೋಡಿಗಳೂ ಈ ನಾಲ್ಕು ಕಾರ್ಡುಗಳ ಸ್ಕೇಲಿನವೇ. ಧಾಟಿಯೂ ಕೇಳುತ್ತದೆ, ಕಾರ್ಡಿನ ಮೈಯೂ ಉಳಿಯುತ್ತದೆ.

ಧಾಟಿ ಕಾರ್ಡಿನೊಳಗೆ ಮುಳುಗಿಹೋಗುವುದು ಇದಕ್ಕೆ ತದ್ವಿರುದ್ಧದ ದೂರು. ಡೌನ್ ಸ್ಟ್ರೋಕಿನಲ್ಲಿ ಕೊನೆಗೆ ಮೊಳಗುವ ತಂತಿಯ ಮೇಲೆ ಕಿವಿ ನಿಲ್ಲುತ್ತದೆ. ಧಾಟಿಯ ಸ್ವರ ಎರಡನೇ ತಂತಿಯಲ್ಲಿದ್ದು ಪಿಕ್ ಒಂದನೆಯದನ್ನೂ ಹೊಡೆದರೆ ಧಾಟಿ ಮುಚ್ಚಿಹೋಗುತ್ತದೆ. ಸ್ಟ್ರಮ್ಮನ್ನು ಎರಡನೇ ತಂತಿಗೇ ನಿಲ್ಲಿಸಿ, ಅಥವಾ ಒಂದನೆಯದನ್ನು ಬೆರಳಿನಿಂದ ಮುಚ್ಚಿ. ಮುಖ್ಯ ಸ್ವರಗಳನ್ನು ಆದಷ್ಟು ಡೌನ್ ಸ್ಟ್ರೋಕಿಗೆ ಬರುವಂತೆ ಜೋಡಿಸಿ.

ಆಂಪ್ ಇದ್ದವರು ಇನ್ನೊಂದನ್ನು ನೋಡಬೇಕು. ಲೀಡಿಗೆ ಚೆಂದ ಕೇಳುವ ಗೇನ್ (ಸದ್ದನ್ನು ಒರಟಾಗಿಸುವ ಮಟ್ಟ) ಇಟ್ಟರೆ ಕಾರ್ಡ್ ರಾಡಿಯಾಗುತ್ತದೆ. ಡಿಸ್ಟಾರ್ಷನ್ನಿನಲ್ಲಿ ಎರಡು ಸ್ವರ ಸೇರಿದಾಗ ಅವೆರಡಲ್ಲದ ಹೆಚ್ಚುವರಿ ಸ್ವರಗಳೂ ಹುಟ್ಟುತ್ತವೆ. ಗಿಟಾರಿನ ಮೇಜರ್ ಥರ್ಡ್ (ನಾಲ್ಕು ಫ್ರೆಟ್ಟಿನ ಸ್ವರಾಂತರ) ಶುದ್ಧ ಅಂತರಕ್ಕಿಂತ ಸುಮಾರು 14 ಸೆಂಟ್ (ಒಂದು ಫ್ರೆಟ್ಟಿನ ಅಂತರಕ್ಕೆ 100 ಸೆಂಟ್) ಹೆಚ್ಚಿರುವುದರಿಂದ ಆ ಗೊರಗೊರ ಇನ್ನಷ್ಟು ಎದ್ದು ಕೇಳುತ್ತದೆ. ಗೇನನ್ನು ಕಾರ್ಡಿನ ಒಳಗಿನ ಮೂರೂ ಸ್ವರ ಬಿಡಿಬಿಡಿಯಾಗಿ ಕೇಳುವ ಮಟ್ಟಕ್ಕೆ ಇಳಿಸಿ, ಲೀಡಿಗೆ ಅದೇ ಸಾಕು ಎಂದು ಒಗ್ಗಿಕೊಳ್ಳುವುದು ಒಳ್ಳೆಯದು. ಅಥವಾ ರಿದಮ್ಮಿಗೆ ಗಿಟಾರಿನ ವಾಲ್ಯೂಮ್ ನಾಬನ್ನು 6-7ಕ್ಕೆ ಇಳಿಸಿ, ಲೀಡಿಗೆ 10ಕ್ಕೆ ಏರಿಸಿ. ಆಂಪ್ ಆಗಲೇ ಪೂರ್ತಿ ಡಿಸ್ಟಾರ್ಷನ್ನಿನಲ್ಲಿದ್ದರೆ ನಾಬ್ ಏರಿಸಿದಾಗ ಸದ್ದಿಗಿಂತ ಹೆಚ್ಚಾಗಿ ಒರಟುತನವೇ ಏರುತ್ತದೆ. ಬೂಸ್ಟ್ ಪೆಡಲನ್ನು ಡಿಸ್ಟಾರ್ಷನ್ ಪೆಡಲಿನ ಮುಂಚೆ ಜೋಡಿಸಿದರೂ ಇದೇ ಕಥೆ. ನಿಜವಾಗಿ ಸದ್ದೇ ಏರಬೇಕೆಂದರೆ ಅದನ್ನು ಡಿಸ್ಟಾರ್ಷನ್ ಆದ ಮೇಲೆ ಜೋಡಿಸಿ.

ಕೈಯೆಲ್ಲ ಸರಿ, ಸ್ವರ ಮಾತ್ರ ಅಪಸ್ವರ

ಕಾರ್ಡ್ ಕೆಳಗೆ ಶ್ರುತಿಯಲ್ಲಿದ್ದು ಮೇಲಿನ ಫ್ರೆಟ್ಟುಗಳಲ್ಲಿ ಲೀಡ್ ಶ್ರುತಿ ತಪ್ಪಿದಂತೆ ಕೇಳಿದರೆ ವಾದ್ಯವನ್ನು ಪರೀಕ್ಷಿಸಿ. ಮೊದಲು ತಂತಿ ಬದಲಿಸಿ. ಹಳೆಯ ತಂತಿಯ ಮೇಲೆ ಅಳೆದದ್ದೆಲ್ಲ ವ್ಯರ್ಥ. ಬಳಿಕ ಪ್ರತಿ ತಂತಿಯಲ್ಲೂ 12ನೇ ಫ್ರೆಟ್ಟಿನ ಹಾರ್ಮೋನಿಕ್ (ಒತ್ತದೆ ಬೆರಳು ತಾಗಿಸಿ ಮೀಟಿದರೆ ಬರುವ ಸ್ವರ) ಮತ್ತು ಅದೇ ಫ್ರೆಟ್ಟನ್ನು ಒತ್ತಿ ಬರುವ ಸ್ವರ ಎರಡನ್ನೂ ಟ್ಯೂನರಿನಲ್ಲಿ ಹೋಲಿಸಿ. ಒತ್ತಿದ ಸ್ವರ ಏರಿದ್ದರೆ ಆ ತಂತಿಯ ಸ್ಯಾಡಲನ್ನು (ಬ್ರಿಜ್ ಮೇಲೆ ತಂತಿ ಕೂರುವ ತುಂಡು) ಕತ್ತಿನಿಂದ ದೂರಕ್ಕೆ ಸರಿಸಬೇಕು, ಇಳಿದಿದ್ದರೆ ಹತ್ತಿರಕ್ಕೆ. ಪ್ರತಿಸಲ ಸರಿಸಿದ ಮೇಲೂ ತಂತಿಯನ್ನು ಮತ್ತೆ ಶ್ರುತಿ ಮಾಡಿಯೇ ಅಳೆಯಿರಿ. ಅಕೂಸ್ಟಿಕ್ ಗಿಟಾರಿನ ಸ್ಯಾಡಲ್ ಸಾಮಾನ್ಯವಾಗಿ ಸರಿಯುವುದಿಲ್ಲ, ಅದನ್ನು ರಿಪೇರಿಯವರ ಕೈಗೆ ಕೊಡುವುದೇ ಸರಿ.

ಒಂದು ಸ್ವರವನ್ನು ಹಿಡಿದಿಟ್ಟು ಪಕ್ಕದ ತಂತಿಯನ್ನು ಬೆಂಡ್ ಮಾಡಿದಾಗ (ಅಡ್ಡಕ್ಕೆ ಎಳೆದು ಸ್ವರ ಏರಿಸಿದಾಗ) ಮಾತ್ರ ಅಪಸ್ವರ ಬರುತ್ತಿದ್ದು, ನಿಮ್ಮ ಗಿಟಾರಿನಲ್ಲಿ ಸ್ಪ್ರಿಂಗ್ ಮೇಲೆ ತೇಲುವ ಟ್ರೆಮೊಲೊ ಬ್ರಿಜ್ ಇದ್ದರೆ ಕಿವಿಯನ್ನೂ ಬೆರಳನ್ನೂ ದೂಷಿಸಬೇಡಿ. ಒಂದು ತಂತಿ ಎಳೆದಾಗ ಬ್ರಿಜ್ ಮುಂದಕ್ಕೆ ವಾಲುತ್ತದೆ, ಉಳಿದ ಐದು ತಂತಿಗಳೂ ಸಡಿಲಾಗಿ ಇಳಿಯುತ್ತವೆ. ಟ್ಯೂನರ್ ಹಾಕಿ ಒಂದನೇ ತಂತಿಯನ್ನು ಬರಿದಾಗಿ ಮೀಟಿ, ಅದು ಮೊಳಗುತ್ತಿರುವಾಗಲೇ ಮೂರನೆಯದನ್ನು ಬೆಂಡ್ ಮಾಡಿದರೆ ಮುಳ್ಳು ಇಳಿಯುವುದು ಕಾಣುತ್ತದೆ. ಬೆಂಡ್ ಮಾಡುವಾಗ ಅಂಗೈಯನ್ನು ಬ್ರಿಜ್ ಮೇಲೆ ಊರಿ ತಡೆಯಬಹುದು, ಆದರೆ ತೂಗುವ ಬಲಗೈಯ ಶೈಲಿಗೆ ಅದು ಅಡ್ಡಿ. ಟ್ರೆಮೊಲೊ ಬಾರನ್ನು (ಬ್ರಿಜ್ ಅಲ್ಲಾಡಿಸುವ ಸರಳು) ನೀವು ಬಳಸುವುದೇ ಇಲ್ಲವೆಂದಾದರೆ ಹಿಂಬದಿಯ ಮುಚ್ಚಳ ತೆಗೆದು, ಸ್ಪ್ರಿಂಗ್ ಹಿಡಿದಿರುವ ಎರಡು ಸ್ಕ್ರೂಗಳನ್ನು ಬಿಗಿ ಮಾಡಿ. ಬ್ರಿಜ್ ಗಿಟಾರಿನ ಮೈಗೆ ಒತ್ತಿ ಕೂತು, ಬೆಂಡ್ ಮಾಡಿದರೂ ಅಲ್ಲಾಡದಿರುವವರೆಗೆ ಬಿಗಿಯಾಗಬೇಕು. ಆಮೇಲೆ ಆರೂ ತಂತಿಯ ಶ್ರುತಿ ಮತ್ತು 12ನೇ ಫ್ರೆಟ್ಟಿನ ಅಳತೆ ಎರಡನ್ನೂ ಮೊದಲಿನಿಂದ ಮಾಡಬೇಕಾಗುತ್ತದೆ, ತಂತಿಗಳ ಎತ್ತರವೂ ತುಸು ಇಳಿದಿರುತ್ತದೆ. ಫ್ರೆಟ್ಟಿಗೆ ತಾಗಿ ಗುಂಯ್‌ಗುಟ್ಟಿದರೆ ಸ್ಯಾಡಲ್‌ಗಳನ್ನು ಅಷ್ಟೇ ಮೇಲಕ್ಕೆ ಎತ್ತಿಕೊಳ್ಳಿ.